ಕಂಪ್ಯೂಟರ್ ಕೋಣಿ ಮುಂದ ಹದಿನಾಲ್ಕು ಜೋಡಿ ಚಪ್ಪಲ

ಖುದಾ ಕಸಂ ಸಾಹೇಬ್ರ, ನಾ ಹೇಳೋದು ಅಕ್ಷರ ಅಕ್ಷರ ಖರೇ ಅದ. ಹೆಂಡತಿ ಪ್ಯಾರಿಬಿ ತಲಿ ಮ್ಯಾಗ ಕೈ ಇಟ್ಟು ಹೇಳಬೇಕಂದ್ರ ಆಕಿ ತವರಮನಿಗಿ ಯಡ್ರಾಮಿಗಿ ಹೋಗ್ಯಾಳ. ಅದಕ ಸದ್ಯಕ್ಕ ಈ ಸ್ಟೂಲಿನ ಮ್ಯಾಗ ಕೈ ಇಟ್ಟೇನಿ. ಸ್ಟೂಲೂ ಆಕಿಯಂಗೇ ಅದ, ಜರಾ ಒತ್ತಿದ್ರ ಕಿರ್ ಅಂತದ. ಅದು ಬರಕೋಬ್ಯಾಡ್ರಿ.

ನಾ ಸುಳ್ಳ ಹೇಳೋ ಮನಶಾ ಅಂತ ನಿಮಗ ಮೊದಲೇ ಹೇಳ್ಯಾರ, ಗೊತ್ತದ. ಒಪ್ಪತೇನಿ. ಅಫಜಲಪುರ ಬಸ್‌ಸ್ಟ್ಯಾಂಡಿನಾಗ ಯಾರಿಗಿ ಕೇಳಿದ್ರೂ ಹೇಳ್ತಾರ, ಲಾಡ್ಲೆಸಾಬ ಭೀಮಾ ಹೊಳ್ಯಾಗ ಮೊಸಳಿ ಬೆನ್ನ ಮ್ಯಾಗ ಕುಂತು ಆಚಿ ದಂಡಿಗಿ ಹೋಗಿ ಬೀಡಿ ತಂದಾನ ಅಂತ. ಅದು ಸುಳ್ಳು. ನಾ ತಂದದ್ದು ಬೀಡಿ ಅಲ್ಲ, ಕಡ್ಡಿಪೆಟ್ಟಿಗಿ. ಆ ಕಥಿ ಹೇಳಿದ್ರ ಒಂದು ಕಪ್ ಚಾ ಸಿಗ್ತದ. ಈ ಕಥಿಗಿ ಏನು ಸಿಗ್ತದೋ ಯಾರಿಗಿ ಗೊತ್ತು. ನಮ್ಮ ಹೆಡ್‌ಮಾಸ್ತರ್ ಶಾಂತಲಿಂಗಪ್ಪ ಸರ್ ಮಾತ್ರ ಹುಟ್ಟಿದಾಗಿಂದ ಸುಳ್ಳು ಹೇಳಿಲ್ರಿ. ಹೇಳಿದ್ದೆಲ್ಲ ಬರದು ಸೀಲ್ ಹೊಡೀತಾರ. ಸೀಲ್ ಬಿದ್ದ ಮ್ಯಾಗ ಸುಳ್ಳು ಎಲ್ಲಿ ಉಳೀತದ?

ನೀವು ಗುಲಬರ್ಗಾದಿಂದ ತಪಾಸಕ್ಕಂತ ತಂದ ಈ ಕಾಗದದಾಗ ಐದು ಸಾಲು ಅದಾವ. ಸರ್ ಬರದಾರ, ಕೆಳಗ ನನ್ನ ಹೆಸರು ಹಾಕ್ಯಾರ. ಲಾಡ್ಲೆಸಾಬ, ತಾತ್ಪೂರ್ತಿಕ ಜವಾನ. ಚಪ್ಪಲ ಹೊಲಿಯೋ ಮಲ್ಕಪ್ಪನ ಮಗಳು ಸಾಬವ್ವ, ಹತ್ತನೇತ್ತ ಕ್ಲಾಸಿನಾಕಿ, ಸರ್ಕಾರಿ ಕಂಪ್ಯೂಟರ್ ಮ್ಯಾಗ ಬೇಕಂತ ನೀರು ಸುರುವಿ ಕೆಡಿಸ್ಯಾಳ, ಇದನ್ನ ನಾ ಕಣ್ಣಾರೆ ನೋಡೇನಿ ಅಂತ ಅದ. ನಾ ಸಹಿ ಮಾಡಿದ್ರ ಆಕಿ ಹೆಸರು ಸಾಲಿಯಿಂದ ಹೊಡದು ಹಾಕ್ತಾರ. ಪರೀಕ್ಷಾ ಫಾರ್ಮ್ ಶುಕ್ರವಾರ ಹೋಗೋದದ, ಆಕಿದು ಹೋಗಂಗಿಲ್ಲ. ಕೇರಿಯೊಳಗ ಹತ್ತನೇತ್ತ ಪರೀಕ್ಷಾಕ್ಕ ಕುಂಡ್ರೋ ಮೊದಲನೇ ಹೆಣ್ಣಮಗಳು ರಿ ಆಕಿ.

ನಾ ಸಹಿ ಮಾಡಿದ್ರ ಇನ್ನೊಂದೂ ಆಗ್ತದ. ನನ್ನ ಹೆಸರಿನ ಹಿಂದಿನ ತಾತ್ಪೂರ್ತಿಕ ಹೋಗಿ ಖಾಯಂ ಬರ್ತದ ಅಂತ ಸರ್ ಹೇಳ್ಯಾರ. ಹದಿನೇಳು ವರ್ಷದಿಂದ ನಾ ತಾತ್ಪೂರ್ತಿಕ. ಗಡ್ಡ ಖಾಯಂ ಬೆಳ್ಳಗಾಯ್ತು, ಸೊಂಟ ಖಾಯಂ ಹಿಡೀತು, ನಾ ಮಾತ್ರ ಇನ್ನಾ ತಾತ್ಪೂರ್ತಿಕ.

ಹಂಗಾಗಿ ಮೊದಲ ನಡದದ್ದು ಹೇಳ್ತೇನಿ. ಆಮ್ಯಾಲ ಈ ಐದು ಸಾಲು ಅದಕ್ಕ ಹೊಂದಿದ್ರ ಸಹಿ ಮಾಡೇ ಬಿಡ್ತೇನಿ. ಸರ್ ಬರೋದು ತಡ ಅದ. ಗೌಡ್ರ ಮನ್ಯಾಗ ನಿಮಗ ಹೋಳಿಗಿ ಮಾಡ್ಯಾರ, ತುಪ್ಪ ಸಾಕಾಗ್ತದೋ ಇಲ್ಲೋ ನೋಡಾಕ ಹೋಗ್ಯಾರ. ಈ ಕಂಪ್ಯೂಟರ್ ಕೋಣ್ಯಾಗ ಸೆಕಿ ಆಗಾಕತ್ತದೇನ್ರಿ? ಕೂಲರ್ ಅದ, ನೀರಿಲ್ಲ. ಯಾಕ ಇಲ್ಲ ಅದೂ ಹೇಳ್ತೇನಿ.

ಎರಡು ವರ್ಷದ ಹಿಂದ, ತೊಂಬತ್ನಾಲ್ಕರಾಗ, ಸರ್ಕಾರದ ಕಾಗದ ಬಂತು. ಕೇರಿ ಮಕ್ಕಳು ಹೆಚ್ಚಿದ್ದ ಸಾಲಿಗಿ ಒಂದು ಕಂಪ್ಯೂಟರ್ ಅಂತ. ಶಾಂತಲಿಂಗಪ್ಪ ಸರ್ ಅವತ್ತು ತಾವೇ ಕೇರಿಗಿ ಹೋದ್ರು ನೋಡ್ರಿ. ಹನ್ನೊಂದು ವರ್ಷದ ಸರ್ವಿಸಿನಾಗ ಮೊದಲನೇ ಸಲ. ಒಳಗ ಹೋಗಲಿಲ್ಲ, ಹುಣಸಿ ಗಿಡದ ಬುಡಕ ಛತ್ರಿ ಬಿಚ್ಚಿ ನಿಂತು, 'ಯಾರ ಮಕ್ಕಳು ಸಾಲಿಗಿ ಬರ್ತಾವ, ಹೆಸರು ಒದರ್ರಿ' ಅಂದ್ರು. ಹದಿನಾಲ್ಕು ಹೆಸರು ಬಂದ್ವು. ಅಲ್ಲಿತನಕ ಆ ಮಕ್ಕಳಿಗಿ ಸಾಲ್ಯಾಗ ಹೆಸರು ಇರಲಿಲ್ಲ, 'ಏ ಹಿಂದಿನ ಸಾಲು' ಅಂತಿದ್ರು. ಅರ್ಜಿ ಹೋಯ್ತು. ಹೆಸರು ಗುಲಬರ್ಗಾಕ್ಕ ಹೋದ್ವು, ಮಕ್ಕಳು ಇಲ್ಲೇ ಉಳದ್ವು.

ಕಂಪ್ಯೂಟರ್ ಬಂದ ದಿವಸ ಮಳಿ. ಎರಿ ಮಣ್ಣಾಗ ಬಸ್ ಸಿಕ್ಕೊಂಡಿತು. ಎತ್ತಿನ ಬಂಡಿ ಹೂಡಿ, ಐದು ಕೌದಿ ಹಾಸಿ, ಡಬ್ಬಿ ಅಲುಗಾಡಬಾರದು ಅಂತ ಸರ್ ಅದನ್ನ ತೊಡಿ ಮ್ಯಾಗ ಇಟ್ಕೊಂಡು ಕುಂತ್ರು. ಅವರ ಲಗ್ನದಾಗ ನಾ ಇದ್ದೆ ರಿ. ಹೆಂಡತಿನ ಇಷ್ಟು ಜತನದಿಂದ ತರಲಿಲ್ಲ. ಐದು ಕಾಯಿ ಒಡದ್ರು. ಪರದಿ ಗಾಜಿಗಿ ಮೂರು ಬೆರಳು ವಿಭೂತಿ ಎಳದ್ರು. ಗೌಡ್ರ ತಾಯಿ ಸುಭದ್ರಾಬಾಯಿ ಕೈ ಮುಗದು, 'ಯಪ್ಪಾ, ಮೊಮ್ಮಗನ ತಲ್ಯಾಗ ಬಂದು ಕುಂಡ್ರು' ಅಂದ್ರು. ಅದು ಗುಂಯ್ ಅಂತು. ಜೇವರ್ಗಿಯಿಂದ ಒಬ್ಬಾಕಿ ರಚ್ಚಿ ಹಿಡದ ಕೂಸಿನ್ನ ತಂದು ಅದರ ಮುಂದ ಮಲಗಿಸಿದ್ಳು, ಕೂಸು ಗಪ್ ಆಯ್ತು. ಈಗ ಅದು ಇಂಗ್ಲಿಷಿನಾಗ ಅಳತದ ಅಂತಾರ. ನಾ ಕೇಳಿಲ್ಲ. ಕೇಳಲಾರದ್ದು ನಾ ಹೇಳಂಗಿಲ್ಲ.

ಸಾಲ್ಯಾಗ ಸೋರದಂಥ ಕೋಣಿ ಇದೊಂದೇ ರಿ. ಹತ್ತನೇತ್ತ ಇಲ್ಲೇ ಕುಂಡ್ರತಿತ್ತು. ಕೋಣಿ ಕಂಪ್ಯೂಟರಿಗಿ ಕೊಟ್ರು, ಹತ್ತನೇತ್ತಕ್ಕ ಹೊರಗಿನ ಬೇವಿನ ಗಿಡ ಕೊಟ್ರು. ಹೊಸಾ ಶಿಕ್ಷಣದ ಮೊದಲನೇ ಫಾಯದಾ ಬರಕೋರಿ: ಮಕ್ಕಳಿಗಿ ಗಾಳಿ ಸಿಕ್ತು.

ಎರಡನೇ ಫಾಯದಾ ಕೂಲರ್. ಮಷೀನಿಗಿ ಸೆಕಿ ತಡಿಯಂಗಿಲ್ಲ ಅಂತ ಸಾಲಿ ಕಮಿಟಿ ಅಧ್ಯಕ್ಷರು ನಾಗಣ್ಣ ಗೌಡ್ರು ಸೋಲಾಪುರದಿಂದ ತರಿಸಿದ್ರು, ಆ ಕಿಟಕಿಗಿ ಕೂಡಸಿದ್ರು. ನಮ್ಮ ಕಡಿ ನಲವತ್ತೈದು ಡಿಗ್ರಿ ಬಿಸಲಾಗ ಎಮ್ಮಿ ಮೇಯ್ತಾವ, ಮಕ್ಕಳು ಓದ್ತಾವ. ಮಷೀನಿಗಿ ಅಷ್ಟು ರೂಢಿ ಇರಲಿಲ್ಲ. ಕೂಲರ್ ದಿನಕ್ಕ ಹನ್ನೆರಡು ಕೊಡ ನೀರು ಕುಡೀತಿತ್ತು. ಬೋರಿಂಗ್ ಕೇರಿ ಆಚಿಗಿ, ಅರ್ಧ ಕಿಲೋಮೀಟರ್. ಯಾರು ಹೊರಬೇಕು? ಯಾರ ಹೆಸರಿಲೆ ಕಂಪ್ಯೂಟರ್ ಬಂದದ ಅವರೇ ಹೊರಬೇಕು. ಇನ್ಸಾಫ್ ಅಂದ್ರ ಇನ್ಸಾಫ್.

'ಕೇರಿಯವರ ಕೈ ನೀರು ಹೆಂಗ್ರಿ ಸರ್?' ಅಂತ ನಾನೇ ಕೇಳ್ದೆ. ಗೌಡ್ರ ಓಣ್ಯಾಗ ಅವರ ಕೊಡ ತಾಗಿದ್ರ ಗ್ವಾಡಿ ತೊಳೀತಾರಲ್ಲ, ಅದಕ ಕೇಳ್ದೆ. ಸರ್ ನಕ್ಕರು. 'ಲಾಡ್ಲೆ, ನೀರು ಕುಡಿಯಂಗಿಲ್ಲೋ. ಗಾಳಿ ಆಗಿ ಬರ್ತದ. ಗಾಳಿಗಿ ಮೈಲಿಗಿ ಇಲ್ಲ. ಇದು ಸೈನ್ಸ್.'

ಸೈನ್ಸ್ ಹೊತ್ತವರು ಹದಿನಾಲ್ಕು ಮಂದಿ. ಎಲ್ಲಾರಿಗಿಂತ ಹೆಚ್ಚು ಹೊತ್ತಾಕಿ ಸಾಬವ್ವ. ತಲಿ ಮ್ಯಾಗ ಸಿಂಬಿ, ಸಿಂಬಿ ಮ್ಯಾಗ ಕೊಡ, ಕೈಯಾಗ ಇನ್ನೊಂದು. ಬರಿಗಾಲು. ಹಾದ್ಯಾಗ ಜಾಲಿಮುಳ್ಳು, ಬಿಸಿ ಆದ ಹರಳು. ಆಕಿ ಹಿಮ್ಮಡ ಒಡದು ಅದರಾಗ ಎರಿ ಮಣ್ಣು ಕುಂತಿತ್ತು, ಬಾಯಿ ಬಿಟ್ಟ ಹೊಲ ಇದ್ದಂಗ. ಒಂದಿನ ಕುತ್ತಿಗಿ ಹಿಡದು ಎಡಕ್ಕ ತಿರುಗಲಾರದಂಗ ಆಯ್ತು. ಆಕಿ ಬಲಕ್ಕ ನೋಡಿಕೋತನೇ ನೀರು ಹೊತ್ಳು. ಒಳಗ ಗೌಡ್ರ ಮಗ ಕಂಪ್ಯೂಟರಿನಾಗ ಹಾವಿನ ಆಟ ಆಡತಿದ್ದ. ಹಾವು ಏನೋ ನುಂಗಿ ನುಂಗಿ ಉದ್ದ ಆಗ್ತಿತ್ತು. ಸರ್ ಅದಕ್ಕ ಪ್ರಾಕ್ಟಿಕಲ್ ಅಂತಿದ್ರು.

ಕೇರಿ ಮಕ್ಕಳು ಯಾಕ ಒಳಗ ಬರಲಿಲ್ಲ ಅಂತ ಕೇಳ್ತೀರಿ? ಕೇಳಲಿಲ್ಲೇನು? ಇರಲಿ, ಕೇಳಿದಂಗ ತಿಳಕೊಂಡು ಹೇಳ್ತೇನಿ. ಆ ಬಾಗಲ ಮ್ಯಾಗ ನೋಡ್ರಿ, ಡ್ರಾಯಿಂಗ್ ಮಾಸ್ತರ್ ಬರದದ್ದು: 'ಚಪ್ಪಲಿ ಬಿಚ್ಚಿ ಒಳಗೆ ಬನ್ನಿ.' ನಾ ಈ ಸ್ಟೂಲಿನ ಮ್ಯಾಗ ಕಾವಲು. ಸರ್ ಹುಕುಂ ಕೊಟ್ಟಿದ್ರು: 'ಚಪ್ಪಲ ಬಿಚ್ಚಿದವರನ್ನ ಅಷ್ಟೇ ಒಳಗ ಬಿಡು. ಬರಿಗಾಲಿಲೆ ಬಂದವರ ಕಾಲಾಗ ಧೂಳಿರ್ತದ. ಕಂಪ್ಯೂಟರಿಗಿ ಜಾತಿ ಗೊತ್ತಿಲ್ಲೋ ಲಾಡ್ಲೆ, ಧೂಳು ಗೊತ್ತದ.'

ಊರಿಗೆಲ್ಲ ಚಪ್ಪಲ ಹೊಲಿಯೋರು ಕೇರಿಯವರು. ಮೆಟ್ಟೋರು ಉಳಿದವರು. ಸಾಲಿ ಹಾದಿ ಗೌಡ್ರ ಕಟ್ಟಿ ಮುಂದಿಂದ ಬರ್ತದ, ಅಲ್ಲಿ ಕೇರಿಯವರು ಚಪ್ಪಲ ಮೆಟ್ಟಿ ನಡಿಯಂಗಿಲ್ಲ. ಇದನ್ನ ಯಾರೂ ಬೋರ್ಡ್ ಬರಸಿಲ್ಲ. ಬೋರ್ಡ್ ಬೇಕಾಗೋದು ಹೊಸಾ ನಿಯಮಕ್ಕ. ಹಂಗಂತ ನಮ್ಮ ಸರ್ ಭೇದ ಮಾಡೋರಲ್ಲ ಮತ್ತ. ಬಸವ ಜಯಂತಿ ದಿವಸ ಎರಡು ತಾಸು ಸಮಾನತಾ ಮ್ಯಾಗ ಭಾಷಣ ಮಾಡತಾರ. ಕೇರಿಯವರು ಬಿಸಲಾಗ ನಿಂತು ಪೂರಾ ಕೇಳಿ ಚಪ್ಪಾಳಿ ಹೊಡೀತಾರ. ಆಮ್ಯಾಲ ಅವರ ಬೊಗಸಿಗಿ ಪ್ರಸಾದ ಮ್ಯಾಗಿಂದ ಹಾಕ್ತಾರ, ಬೆರಳು ತಾಗದಂಗ.

ಆದ್ರ ಕೂಲರ್ ಕೂಡಸುವಾಗ ಒಂದು ತಪ್ಪಾಗಿತ್ರಿ. ನೀರು ಸುರುವೋ ಬಾಯಿ ಹೊರಗ, ಅದರ ಬಾಜೂಕ ಕಿಟಕಿಯೊಳಗ ಒಂದು ಗೇಣು ಸಂದಿ. ಅಲ್ಲಿ ಕೊಡ ಎತ್ತಿ ನಿಂತಾಕಿಗಿ ಕಂಪ್ಯೂಟರ್ ಮುಖಾಮುಖಿ ಕಾಣ್ತದ. ಒಳಗ ಚಪ್ಪಲ ಬಿಚ್ಚಿ ಕುಂತ ಇಪ್ಪತ್ತು ಮಂದಿಗಿ ಗೌಡ್ರ ಮಗನ ಬೆನ್ನು ಕಾಣ್ತಿತ್ತು. ಹೊರಗ ನೀರು ಹೊತ್ತಾಕಿಗಿ ಒತ್ತೋ ಅಕ್ಷರದ ಗುಂಡಿ ಗುಂಡಿ ಕಾಣ್ತಿತ್ತು. ಆಕಿ ಕೊಡ ಸಾವಕಾಶ ಸುರುವತಿದ್ಳು. ಸರ್ ನನಗ ಅಂತಿದ್ರು, 'ನೋಡಲೇ ಲಾಡ್ಲೆ, ಹನಿ ಚೆಲ್ಲಂಗಿಲ್ಲ, ಎಷ್ಟು ಶಿಸ್ತಿನ ಹುಡಗಿ!'

ಮನ್ಯಾಗ ಅಪ್ಪ ಕೊಟ್ಟ ತೊಗಲಿನ ತುಂಡಿನ ಮ್ಯಾಗ ಆಕಿ ಚಪ್ಪಲ ಹೊಲಿಯೋ ಆರಿಲೆ ಚುಚ್ಚಿ ಚುಚ್ಚಿ ಎಲ್ಲಾ ಗುಂಡಿ ಬರಕೊಂಡ್ಳು, ಯಾವ ಅಕ್ಷರ ಎಲ್ಲದ ಹಂಗೇ. ತೊಗಲಿನ ಕಂಪ್ಯೂಟರ್ ರಿ. ಕರೆಂಟ್ ಬ್ಯಾಡ, ಕೂಲರ್ ಬ್ಯಾಡ, ವಿಭೂತಿ ಬ್ಯಾಡ. ನಾ ಒಂದಿನ ಹೋದಾಗ ಆಕಿ ಬೆರಳು ಅದರ ಮ್ಯಾಗ ಮಳಿ ಹೊಡದಂಗ ಓಡತಿದ್ವು. ಮಲ್ಕಪ್ಪ ನನಗ ಅಂದ, 'ಲಾಡ್ಲೆಭಾಯಿ, ತೊಗಲು ಹರದು ಹಾಕಿದ್ಳೋ. ಆಕಿಗಿ ಒಂದು ಸಲ ಖರೇ ಕಂಪ್ಯೂಟರ್ ಮುಟ್ಟಿಸು. ತೊಗಲರ ಉಳೀತದ.'

ನಾ ಏನು ಮುಟ್ಟಿಸ್ಲಿ? ನಾ ತಾತ್ಪೂರ್ತಿಕ. ಬಾಗಲಾಗ ಕುಂತು ಆಕಿಗಿ ಹೊರಗ ಇಟ್ಟಾಂವ ನಾನೇ. ಇದೂ ಬರಕೋರಿ.

ಹೋದ ತಿಂಗಳು ಆಕಿ ತುಂಬಿದ ಕೊಡ ಬಾಗಲ ಮುಂದ ಇಳಿಸಿ ನೇರ ಕೇಳಿದ್ಳು.

'ಸರ್, ಚಪ್ಪಲ ಬಿಚ್ಚಿದ್ರ ನಾವೂ ಒಳಗ ಬರಬಹುದೇನ್ರಿ?'

ಇಡೀ ಕ್ಲಾಸ್ ನೋಡಾಕತ್ತಿತು. ಸರ್ ನಗುಮುಖದಿಂದ ಅಂದ್ರು, 'ಖಂಡಿತ ಬರಬಹುದು. ನಿಯಮ ಎಲ್ಲಾರಿಗೂ ಒಂದೇ. ಆದ್ರ ನಿನ್ನ ಹಂತೇಲಿ ಚಪ್ಪಲ ಎಲ್ಲದವ್ವಾ ಬಿಚ್ಚಾಕ?'

ಮಕ್ಕಳು ನಕ್ಕವು. ಗೌಡ್ರ ಮಗ ಕುರ್ಚಿ ಬಡದು ನಕ್ಕ. ನಾನೂ ಜರಾ ನಕ್ಕೆ ರಿ. ಸರ್ ನಕ್ಕಾಗ ನಗೋದು ಜವಾನನ ಡ್ಯೂಟಿ. ಆಕಿ ನಗಲಿಲ್ಲ. 'ಮಾತು ಕೊಟ್ಟೀರಿ ಸರ್' ಅಂದು ಕೊಡ ಎತ್ತಿಕೊಂಡು ಹೋದಳು.

ಅವತ್ತೇ ಸಂಜಿಮುಂದ ಮಲ್ಕಪ್ಪ ಹದಿನಾಲ್ಕು ಮಕ್ಕಳಿಗಿ ಹಳೀ ಪೇಪರ್ ಮ್ಯಾಗ ನಿಂದ್ರಿಸಿ ಇದ್ದಲಿಲೆ ಪಾದದ ಅಳತಿ ತೆಗದ. ಆಳಂದದಿಂದ ಲಾರಿ ಟೈರ್ ತಂದ. ಮ್ಯಾಗಿನ ಪಟ್ಟಿಗಿ ತೊಗಲು ಸಾಲಲಿಲ್ಲ. ಗೌಡ್ರ ಹೊಸಾ ಚಪ್ಪಲಿಗಂತ ಹದ ಮಾಡಿಟ್ಟ ತೊಗಲು ಇತ್ತು, ಅದನ್ನ ಕೊಯ್ದ. ಎಂಟು ದಿವಸ ಕುಂತು ಹೊಲದ. ಬಲಗೈ ಹೆಬ್ಬೆರಳ ಚರ್ಮ ಸುಲದು ಹೋತು. ಅವನಾಯುಷ್ಯದಾಗ ಮಗಳಿಗಿ ಹೊಲದ ಮೊದಲನೇ ಜೋಡಿ ಅದು.

ಸೋಮವಾರ ಮುಂಜಾನಿ ಹತ್ತಕ್ಕ ಅವು ಬಂದ್ವು. ಖುದಾ ಕಸಂ, ನಾ ಸಾಲಿ ಗೇಟಿಗಿ ನಿಂತು ನೋಡೇನಿ. ಮುಂದ ಮಲ್ಕಪ್ಪ, ಹಿಂದ ಹದಿನಾಲ್ಕು ಮಕ್ಕಳು. ಗೌಡ್ರ ಓಣ್ಯಾಗ. ಚಪ್ಪಲ ಮೆಟ್ಟಿ. ಹೊಸಾ ತೊಗಲು ನೋಡ್ರಿ, ಕಿರ್ರ್ ಕಿರ್ರ್ ಕಿರ್ರ್ ಅಂತಿತ್ತು. ಅಷ್ಟು ದೂರದ ಮಾದನಹಿಪ್ಪರಗಾದಾಗ ಮಂದಿ ರೊಟ್ಟಿ ಬಡಿಯೋದು ಬಿಟ್ಟು ಕಿವಿ ಕೊಟ್ಟಿತ್ತಂತ. ಎತ್ತು ಹಗ್ಗ ಹರಕೊಂಡ್ವು. ಮಕ್ಕಳಿಗಿ ನಡಿಯಾಕ ಬರ್ತಿರಲಿಲ್ಲ ರಿ, ಹೊಸಾದು, ಕಾಲು ಎತ್ತಿ ಎತ್ತಿ ಇಡತಿದ್ವು, ಪೊಲೀಸ್ ಪರೇಡ್ ಇದ್ದಂಗ.

ನಾಗಣ್ಣ ಗೌಡ್ರು ಕಟ್ಟಿ ಮ್ಯಾಗ ಎಲಿ ಅಡಕಿ ಹಾಕ್ಕೊಂಡು ಕುಂತಿದ್ರು. ಬಾಯಿ ತುಂಬ ರಸ, ಮಾತು ಬರಲಿಲ್ಲ. ಉಗುಳಿ ಅಂದ್ರು:

'ಏ ಮಲ್ಕ್ಯಾ! ಏನಲೇ ಇದು? ಕಣ್ಣು ನೆತ್ತಿಗಿ ಹೋಗ್ಯಾವೇನು? ಬಿಚ್ಚಲೇ!'

ಮಲ್ಕಪ್ಪ ಕೈ ಮುಗದ. 'ಬಿಚ್ಚಾಕೇ ಹೊಂಟೀವಿ ಗೌಡ್ರ. ಕಂಪ್ಯೂಟರ್ ಕೋಣಿ ಮುಂದ ಬಿಚ್ಚಬೇಕಂತ ಹೆಡ್‌ಮಾಸ್ತರ ನಿಯಮ ಅದ. ಇಲ್ಲೇ ಬಿಚ್ಚಿದ್ರ ಅಲ್ಲಿ ಏನು ಬಿಚ್ಚೋದ್ರಿ?'

ಗೌಡ್ರು ಕಾನೂನಿನ ಮನಶಾ. ಸಾಲಿ ನಿಯಮಕ್ಕ ತಾವೇ ಕಮಿಟಿಯೊಳಗ ಸಹಿ ಮಾಡ್ಯಾರ. ಅದನ್ನ ವಿಚಾರ ಮಾಡೋದ್ರಾಗ ಮೆರವಣಿಗಿ ದಾಟಿ ಹೋತು.

ಈ ಬಾಗಲ ಮುಂದ ಸಾಲಾಗಿ ಬಿಚ್ಚಿದ್ವು. ಹದಿನಾಲ್ಕು ಜೋಡಿ. ನಾ ನನ್ನ ಡ್ಯೂಟಿ ಮಾಡ್ದೆ. ಚಪ್ಪಲ ಬಿಚ್ಚಿದವರನ್ನ ಒಳಗ ಬಿಡಬೇಕು, ಬಿಟ್ಟೆ. ಹದಿನೇಳು ವರ್ಷದಾಗ ಹುಕುಂ ಇಷ್ಟು ಕರೆಕ್ಟ್ ಪಾಲಿಸಿದ್ದು ಅವತ್ತೇ.

ಸರ್ ಆಗ ಆಫೀಸಿನಾಗ ಚಾ ಕುಡೀತಿದ್ರು, ಗೌಡ್ರ ಮಗ ಇನ್ನಾ ಬಂದಿರಲಿಲ್ಲ. ಸಾಬವ್ವ ಕುರ್ಚಿ ಮ್ಯಾಗ ಕುಂತ್ಳು. ಕೈ ಲಂಗಕ್ಕ ಒರಸಿಕೊಂಡ್ಳು. ಗುಲಬರ್ಗಾದಿಂದ ಒಬ್ಬ ಕಂಪ್ಯೂಟರ್ ಹುಡುಗ ಬಂದು ಸರ್ ಹೇಳಿದಂಗ ಏನೋ ಟೈಪ್ ಮಾಡಿ ಹೋಗಿದ್ದ. ಅವತ್ತು ಆಕಿ ಕೂಲರಿಗಿ ನೀರು ಸುರುವತಿದ್ಳು. ಅಂವ ಒತ್ತಿದ ಗುಂಡಿ ಆಕಿಗಿ ನೆನಪಿತ್ತು. ಅವೇ ಒತ್ತಿದ್ಳು. ಏನು ಬರ್ತದ ಅಂತ ಆಕಿಗೂ ಗೊತ್ತಿರಲಿಲ್ಲ.

ಹಸರ ಅಕ್ಷರ ಬಂದ್ವು. ಆಕಿ ಇಂಗ್ಲಿಷ್ ಕೂಡಿಸಿ ಕೂಡಿಸಿ ಓದಿದ್ಳು. ನಮ್ಮ ಸಾಲ್ಯಾಗ ರೂಢಿ ಅದ ರಿ, ಒಬ್ಬರು ಓದಿದ್ರ ಉಳಿದವರು ದನಿಗೂಡಿಸಿ ಹಿಂದ ಹೇಳಬೇಕು, ಮಗ್ಗಿ ಹೇಳಿದಂಗ. ಹದಿಮೂರು ಮಕ್ಕಳು ನಿಂತಲ್ಲೇ ಹಿಂದ ಹೇಳಿದ್ವು.

'ಒಂದು, ಅಂಬವ್ವ, ಕಂಪ್ಯೂಟರ್ ತರಬೇತಿ ಪಾಸ್, ಅರವತ್ತೊಂದು.'

'ಒಂದು, ಅಂಬವ್ವ, ಕಂಪ್ಯೂಟರ್ ತರಬೇತಿ ಪಾಸ್, ಅರವತ್ತೊಂದು!'

ಅಂಬವ್ವ ತನ್ನ ಎದಿ ಮುಟ್ಟಿ ನೋಡಿಕೊಂಡ್ಳು. ಎರಡು, ಭೀಮಶಾ, ಐವತ್ತೆಂಟು. ಮೂರು, ದೇವಿಂದ್ರ, ಎಪ್ಪತ್ತು. ಎಲ್ಲಾ ಹದಿನಾಲ್ಕೂ ಕಡೀತನಕ ಇದ್ವು. ದಿವಸಾ ಎರಡು ತಾಸಿನಂಗ ಆರು ತಿಂಗಳು ಕಲತಾರ ಅಂತ ಇತ್ತು. ಆರು ತಿಂಗಳು ಖರೇ ರಿ, ದಿವಸಾ ಎರಡು ತಾಸೂ ಖರೇ. ಕೊಡದ ಹೆಸರು ಒಂದು ಹಾಕೋದು ಮರತಾರ. ಸಾಬವ್ವಗ ಎಪ್ಪತ್ತೆಂಟು, ಎಲ್ಲಾರಿಗಿಂತ ಹೆಚ್ಚು. ಅದಕ್ಕ ನಾ ಅನ್ನೋದು, ನಮ್ಮ ಸರ್ ಸುಳ್ಳು ಹೇಳಂಗಿಲ್ಲ, ಆಕಿ ಶಾಣ್ಯಾಕಿ ಅಂತ ಅವರಿಗಿ ಗೊತ್ತಿತ್ತು.

ಮೂರು ಸಲ ಓದಿದ್ವು. ಮೂರನೇ ಸಲಕ್ಕ ಸರ್ ಓಡಿ ಬಂದ್ರು. ಕೈಯಾಗ ಚಾದ ಕಪ್ಪು ಹಂಗೇ ಇತ್ತು.

ಸಾಬವ್ವ ಕುರ್ಚಿ ಬಿಟ್ಟು ಏಳಲಿಲ್ಲ. ಕುಂತಲ್ಲೇ ಕೇಳಿದ್ಳು, 'ಸರ್, ನನಗ ಎಪ್ಪತ್ತೆಂಟು ಯಾವಾಗ ಬಂದ್ವು?'

ಸರ್ ವಾಯರ್ ಕಿತ್ತಿದ್ರು. ಪರದಿ ಕರ್ರಗಾತು. 'ಹೊರಗ ನಡೀರಲೇ!' ಅಂದ್ರು. ಆಮ್ಯಾಲ ನನ್ನ ಕಡಿ ನೋಡಿದ ನೋಟ ಇತ್ತಲ್ಲ, ಅದಕ್ಕ ಸೀಲ್ ಹೊಡಿಯೋದೊಂದೇ ಬಾಕಿ.

ಅಷ್ಟರಾಗ ಗೌಡ್ರು ವಿಚಾರ ಮಾಡೋದು ಮುಗಿಸಿ ನಾಲ್ಕು ಆಳು ಕರಕೊಂಡು ಬಂದಿದ್ರು. ಬಾಗಲ ಮುಂದಿನ ಚಪ್ಪಲ ನೋಡಿದ್ರು. ತಮ್ಮ ತೊಗಲಿನ ಗುರ್ತು ಸಿಕ್ತು. ಮಲ್ಕಪ್ಪಗ ಅಂದ್ರು, 'ಇವೆಲ್ಲಾ ಗಂಟು ಕಟ್ಟಿ ತಲಿ ಮ್ಯಾಗ ಇಟ್ಕೋಲೇ. ಬಂದ ಹಾದಿಲೇ ತಲಿ ಮ್ಯಾಗ ಹೊತ್ತು ಹೋಗು. ಮಕ್ಕಳೂ ಹಿಂದ ಬರ್ಲಿ, ನೋಡಿ ಕಲೀಲಿ.'

ಮಲ್ಕಪ್ಪ ಚಪ್ಪಲ ನೋಡಿದ. ಮಗಳಿನ್ನ ನೋಡಿದ.

'ಆಗಂಗಿಲ್ಲ ಗೌಡ್ರ' ಅಂದ. 'ನಾ ಕಾಲಿನ ಅಳತಿ ತೊಗೊಂಡು ಹೊಲದೀನಿ. ತಲಿ ಅಳತಿ ತೊಗೊಂಡಿಲ್ಲ.'

ಸಾಹೇಬ್ರ, ನಾ ಬಹಳ ಕಥಿ ಹೇಳೇನಿ. ಈ ಮಾತಿನಂಥ ಮಾತು ನನ್ನ ಬಾಯಾಗ ಒಂದಿನಾ ಬಂದಿಲ್ಲ.

ಹೊಡದ್ರು. ಅದೇ ಚಪ್ಪಲಿಲೆ ಹೊಡದ್ರು. ಮಾರಿಗಿ, ಬಾಯಿಗಿ, ಬೆನ್ನಿಗಿ. ಬಲಗೈ ಹೆಬ್ಬೆರಳು ತುಳದ್ರು. ಹೊಲಿಗಿ ಒಂದೂ ಬಿಚ್ಚಲಿಲ್ಲ ನೋಡ್ರಿ, ಕೆಲಸ ಅಂದ್ರ ಹಂಗಿರಬೇಕು. ಅವನ ಹೆಬ್ಬೆರಳು ಮಾತ್ರ ಇನ್ನ ಮಡಚಂಗಿಲ್ಲ. ಆರಿ ಹಿಡಿಯಾಕ ಬರಂಗಿಲ್ಲ. ನಾ ಏನು ಮಾಡ್ದೆ? ಸ್ಟೂಲಿನ ಮ್ಯಾಗ ಕುಂತಿದ್ದೆ. ಸ್ಟೂಲು ಕಿರ್ ಅಂತು, ನಾ ಅದೂ ಅನಲಿಲ್ಲ.

ಆಮ್ಯಾಲ ಗೌಡ್ರು ಕೋಣಿ ಒಳಗ ಇಣಿಕಿದ್ರು. 'ಹದಿನಾಲ್ಕು ಮಂದಿ ಒಳಗ ಕುಂತು ಹೋಗ್ಯಾರ. ಆಕಿ ಮುಟ್ಯಾಳ. ನಾಳಿ ನನ್ನ ಮಗ ಹೆಂಗ ಮುಟ್ಟಬೇಕು? ತೊಳೀರಿ' ಅಂದ್ರು.

'ಫರಸಿ ತೊಳಿಸ್ತೀನ್ರಿ' ಅಂದ್ರು ಸರ್.

'ಫರಸಿಗಿ ಕುಂತಿದ್ಳೇನ್ರಿ ಆಕಿ? ಕಂಪ್ಯೂಟರ್ ತೊಳೀರಿ.'

'ಗೌಡ್ರ, ಅದಕ್ಕ ನೀರು ತಾಗಿದ್ರ ಕೆಟ್ಟು...' ಅಂದು ಸರ್ ನಿಂತ್ರು. ಪರದಿ ಕಡಿ ನೋಡಿದ್ರು. ಒಳಗ ಆ ಹದಿನಾಲ್ಕು ಹೆಸರು ಇನ್ನಾ ಅದಾವಲ್ಲ. ಆಮ್ಯಾಲ, 'ಹೌದ್ರಿ, ತೊಳೀಲೇಬೇಕು' ಅಂದ್ರು.

ಗೌಡ್ರ ಮನಿಯಿಂದ ಹೊಳಿ ನೀರು, ಗೋಮೂತ್ರ ಕಲಸಿದ ಬಿಂದಗಿ ಬಂತು. ಸರ್ ನನ್ನ ಕೈಗಿ ಕೊಟ್ಟರು. 'ಸುರುವು ಲಾಡ್ಲೆ.'

'ಸುರುವತೇನ್ರಿ' ಅಂದೆ. 'ಆದ್ರ ನಾ ಸಾಬ ರಿ. ನನ್ನ ಕೈಲೆ ಸುರುವಿದ್ರ ಮಡಿ ಆಗ್ತದೋ, ಇನ್ನೊಮ್ಮಿ ತೊಳೀಬೇಕಾಗ್ತದೋ, ಜರಾ ಗೌಡ್ರಿಗಿ ಕೇಳ್ರಿ.'

ಗೌಡ್ರು ತಲಿ ಕೆರಕೊಂಡ್ರು. ಬಿಂದಗಿ ಸರ್ ಕೈಗಿ ವಾಪಸ್ ಹೋತು. ಸರ್ ತಾವೇ ಸುರುವಿದ್ರು. ಮ್ಯಾಲಿಂದ, ಹಿಂದಿನ ಸಂದ್ಯಾಗಿಂದ, ಗುಂಡಿ ಗುಂಡಿ ಮ್ಯಾಗ. ಆಮ್ಯಾಲ ಮಡಿ ಆಯ್ತೋ ಇಲ್ಲೋ ನೋಡಾಕ ವಾಯರ್ ಚುಚ್ಚಿ ಬಟನ್ ಹಾಕಿದ್ರು. ಢಪ್ ಅಂತು. ಹೊಗಿ ಎದ್ದದ್ದು ಮೂರು ದಿವಸ ಊರ ಮ್ಯಾಗ ನಿಂತಿತ್ತು, ಮೋಡ ಅಂತ ತಿಳಕೊಂಡು ಮೂರು ಮಂದಿ ಬಿತ್ತಿಗಿ ಮಾಡ್ಯಾರ. ಬ್ಯಾಡ, ಈ ಬಿತ್ತಿಗಿದು ಹೊಡದು ಹಾಕ್ರಿ. ಉಳದದ್ದು ಇರಲಿ.

ಮರುದಿವಸ ಕೇರಿ ಮಕ್ಕಳು ಹನ್ನೆರಡು ಕೊಡ ತಂದು ಆಫೀಸಿನ ಮುಂದ ಬೋರಲ ಹಾಕಿ ಹೋದ್ವು. ಇನ್ನ ನೀರು ಹೊರಂಗಿಲ್ಲ ಅಂದ್ವು. ನಿಮಗ ಸೆಕಿ ಅದಕ ಆಗಾಕತ್ತದ.

ಸರ್ ಸಾಬವ್ವಗ ಕರಸಿದ್ರು. ಪ್ರೀತಿಲೆ ಹೇಳಿದ್ರು, 'ನೋಡವ್ವಾ, ಕೂಲರಿಗಿ ನೀರು ಹಾಕುವಾಗ ನನ್ನ ಕೈ ತಪ್ಪಿ ಬಿತ್ತು ಅಂತ ಬರಕೊಡು. ಪರೀಕ್ಷಾಕ್ಕ ಕೂಡಸ್ತೇನಿ.'

ಆಕಿ ಅಂದದ್ದು ನಾ ನನ್ನ ಕಿವಿಲೆ ಕೇಳೇನಿ. 'ಸರ್, ನನಗ ಕಂಪ್ಯೂಟರಿನಾಗ ಎಪ್ಪತ್ತೆಂಟು ಮಾರ್ಕ್ಸ್ ಬಂದಾವಂತ ನೀವೇ ಬರಸೀರಿ. ಎಪ್ಪತ್ತೆಂಟು ತೊಗೊಂಡಾಕಿ ಕಂಪ್ಯೂಟರಿಗಿ ನೀರು ಹಾಕತಾಳೇನ್ರಿ? ನಾ ಬರಕೊಡಂಗಿಲ್ಲ.'

ಅದಕ ಈ ಐದು ಸಾಲು ಹುಟ್ಟಿದ್ವು ಸಾಹೇಬ್ರ. ಆಕಿ ಬರೀಲಿಲ್ಲ, ನಾ ಬರೀಬೇಕಂತ.

ಈಗ ಹೇಳ್ರಿ, ಇವು ನಾ ಹೇಳಿದ್ದಕ್ಕ ಎಲ್ಲ್ಯಾರ ಹೊಂದ್ತಾವೇನು? ನೀರು ಬಿದ್ದದ್ದು ಖರೇ. ಕೆಟ್ಟದ್ದು ಖರೇ. ಕಣ್ಣಾರೆ ನೋಡಿದ್ದೂ ಖರೇ. ಹೆಸರೊಂದು ತಪ್ಪಿ ಬಿದ್ದದ. ಸಾಬವ್ವ ಅಂತ ಇದ್ದಲ್ಲಿ ಶಾಂತಲಿಂಗಪ್ಪ ಅಂತ ನೀವು ತಿದ್ದಿ ಕೊಡ್ರಿ, ನಾ ಸಹಿ ಅಲ್ಲ, ಹತ್ತೂ ಬೆರಳಿನ ಹೆಬ್ಬೆಟ್ಟು ಒತ್ತತೇನಿ. ಇಲ್ಲಾಂದ್ರ ನಾ ಸಹಿ ಮಾಡಂಗಿಲ್ಲ. ತಾತ್ಪೂರ್ತಿಕ ಇದ್ದಾಂವಗ ತೆಗದು ಹಾಕಿದ್ರ ತಾತ್ಪೂರ್ತಿಕನೇ ಹೋಗ್ತದ ರಿ, ಮತ್ತೇನು ಹೋಗ್ತದ?

ಪುರಾವಾ ಏನದ ಅಂತೀರಿ? ಮಷೀನ್ ಸುಟ್ಟು ಹೋತು, ಅದರ ಹೊಟ್ಟ್ಯಾಗಿಂದು ಸುಟ್ಟಿತು, ಖರೇ. ಆದ್ರ ಮೂರು ಸಲ ಓದ್ಯಾರಲ್ರಿ. ನಮ್ಮ ಮಕ್ಕಳಿಗಿ ಕಂಪ್ಯೂಟರ್ ಬರಂಗಿಲ್ಲ, ಮಗ್ಗಿ ಬರ್ತದ. ಕೇಳ್ರಿ, ಕಿವಿ ಕೊಡ್ರಿ. ಹೊರಗ ಬೇವಿನ ಗಿಡದ ಬುಡಕ ಕುಂತಾರ, ಹದಿನಾಲ್ಕೂ ಮಂದಿ. ನಿಮ್ಮ ಜೀಪ್ ಬಂದಾಗಿಂದ ಅದೇ ಹೇಳಾಕತ್ತಾರ.

ಹನ್ನೊಂದು, ಪೀರಪ್ಪ, ಐವತ್ತೈದು.

ಹನ್ನೆರಡು, ರತ್ನವ್ವ, ಅರವತ್ನಾಲ್ಕು.

ಕೇಳಸ್ತದಲ್ರಿ? ಹದಿನಾಲ್ಕರ ಕೆಳಗ ಇನ್ನೊಂದು ಸಾಲು ಅದ ಸಾಹೇಬ್ರ, ಅದನ್ನ ನಾ ಮೊದಲೇ ಹೇಳಲಿಲ್ಲ. ತರಬೇತಿ ಕಣ್ಣಾರೆ ನೋಡಿ ತಪಾಸ ಮಾಡಿದ ಅಧಿಕಾರಿ ಅಂತ ಬರದು, ಒಂದು ಹೆಸರು ಇತ್ತು. ನಮ್ಮೂರಿಗಿ ಗುಲಬರ್ಗಾ ಸಾಹೇಬ್ರ ಜೀಪ್ ಬಂದದ್ದು ಇವತ್ತೇ ಮೊದಲು. ಅದಕ ನಾ ವಿಚಾರ ಮಾಡಾಕತ್ತಿದ್ದೆ, ಆ ಅಧಿಕಾರಿ ಯಾವಾಗ ಬಂದ, ಯಾವ ಹಾದಿಲೇ ಬಂದ ಅಂತ. ಈಗ ಈ ಕಾಗದದ ಕೆಳಗ ನೀವು ಸಹಿ ಮಾಡೋ ಜಾಗಾದಾಗ ಟೈಪ್ ಆದ ಹೆಸರು ನೋಡಿದೆ. ನನಗ ಇಂಗ್ಲಿಷ್ ಬರಂಗಿಲ್ಲ ರಿ, ಆದ್ರ ಅವತ್ತು ಪರದಿ ಮ್ಯಾಗ ಕಂಡ ಅಕ್ಷರದ ಮಾರಿ ಗುರ್ತು ಸಿಗ್ತಾವ.

ಹದಿಮೂರು, ಶರಣಮ್ಮ, ಅರವತ್ತು.

ಯಾಕ್ರಿ ಎದ್ರಿ? ಕುಂಡ್ರಿ, ಒಂದೇ ಸಾಲು ಉಳದದ. ಹದಿನಾಲ್ಕು, ಸಾಬವ್ವ ಮಲ್ಕಪ್ಪ, ಎಪ್ಪತ್ತೆಂಟು, ಆಯ್ತು. ಸಾಹೇಬ್ರ, ಕಾಗದ ಇಲ್ಲೇ ಬಿಟ್ಟೀರಿ! ಆ ಬಾಗಲ ಕಡಿ ಹೋಗಬ್ಯಾಡ್ರಿ, ಅವರ ನಡುವೇ ಹಾದು ಹೋಗಬೇಕಾಗ್ತದ. ಜರಾ ನಿಂದರ್ರಿ, ಆ ಹುಡಗಿ ಎದ್ದು ನಿಂತಾಳ, ಕಡೀ ಸಾಲು ಆಕಿ ಒಬ್ಬಾಕೇ ಹೇಳ್ತಾಳ, ಉಳಿದವರು ಹಿಂದ ಹೇಳ್ತಾರ, ನೀವರ ಕೇಳಿ ಹೇಳ್ರಿ ಆ ಹೆಸರು ನಿಮ್ಮದೇ...